ಸಿದ್ದಿ ಮಾತಿನ ಬೆನ್ನುಹತ್ತಿದ ಈರಭದ್ರಪ್ಪ

ಬೀರೂರಿನ ಈರಭದ್ರಪ್ಪ ಮೇಷ್ಟ್ರು ನೆಮ್ಮದಿಯಾಗಿ ಕೂತದ್ದನ್ನು ಕಂಡವರಿಲ್ಲ. ಜಂಕ್ಷನ್ನಿನ ಬೆಂಚಿನ ಮೇಲೂ ಮೊಣಕಾಲು ಕುಣಿಯುತ್ತಿರುತ್ತದೆ, ದೃಷ್ಟಿ ರೈಲಿನಿಂದಿಳಿಯುವವರ ಬಾಯಿಯ ಮೇಲಿರುತ್ತದೆ, ಯಾರಾದರೂ ಪರಊರಿನ ಧಾಟಿಯಲ್ಲಿ ಮಾತೆತ್ತಿದರೋ, ಟೇಪ್ ರೆಕಾರ್ಡರಿನ ಭಾರಕ್ಕೆ ಒಂದು ಕಡೆ ಜೋತುಬಿದ್ದ ಕಂದು ಕೋಟನ್ನು ಎಳೆದುಕೊಳ್ಳುತ್ತ ಎದ್ದೇಬಿಡುತ್ತಾರೆ: "ಇದಕ್ಕೆ ನಿಮ್ಮ ಕಡೆ ಏನಂತೀರಿ?" ಅಜ್ಜಂಪುರದ ಸಂತೆಯಲ್ಲೂ ಅದೇ ಪ್ರಶ್ನೆ, ಸಾವಿನ ಮನೆಯಲ್ಲೂ ಅದೇ.

ಈ ಚಡಪಡಿಕೆಯೇ ನಿವೃತ್ತಿಯ ನಂತರ ಅವರನ್ನು ಗುಜರಾತಿಗೆ ಓಡಿಸಿತು. ಅಲ್ಲಿನ ಸಿದ್ದಿ ಜನರ ಪೂರ್ವಿಕರು ಆಫ್ರಿಕದಿಂದ ತಂದಿದ್ದ ಬಾಂಟು ಕುಲದ ಭಾಷೆ ತೀರಿಹೋಗಿದೆ, ಈಗಿನವರದು ಗುಜರಾತಿ. ಆ ಗುಜರಾತಿಯೊಳಗೆ ಸತ್ತ ಭಾಷೆ ಏನನ್ನು ಬಿಟ್ಟುಹೋಗಿದೆ ಎಂಬುದೇ ಮೇಷ್ಟ್ರ ಶೋಧ. ಮೊದಲ ಸಲ ಸಿಕ್ಕ ಮುದುಕಿ ತಾನಾಗಿ ಒಂದು ಪದವನ್ನೂ ಹೇಳಲಿಲ್ಲವೆಂದು ಬೇಸತ್ತು ಬಂದರು. ಮರುವರ್ಷ ಇವರು ಕೇಳಿದ್ದೇ ತಡ, ಅದೇ ಮುದುಕಿ ಪದಗಳನ್ನು ಸುರಿದಳು. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಪುಸ್ತಕ ತರೀಕೆರೆಯ ಪ್ರೆಸ್ಸಿಗೆ ಹೋಯಿತು.

ಕರಡು ತಿದ್ದುವಾಗ ಒಂದು ಉಚ್ಚಾರಣೆಯ ಬಗ್ಗೆ ಅನುಮಾನ ಹುಟ್ಟಿ, ಮೊದಲ ವರ್ಷದ ಟೇಪು ಹಾಕಿದರು. ಕೇಳಿಸಿದ್ದು ಅವರದೇ ದನಿ! ಆಫ್ರಿಕದ ಭಾಷೆಯೊಂದರ ನಿಘಂಟಿನಿಂದ ಒಂದೊಂದೇ ಪದ ಓದಿ, ಹೀಗೆನ್ನುತ್ತಿದ್ದರೇ ಎಂದು ಹಿಂದಿಯಲ್ಲಿ ಇವರು ಕೇಳುವುದು, ಹೂಂಗುಟ್ಟಿ ಅದನ್ನೇ ಅವಳು ತಿರುಗಿ ನುಡಿಯುವುದು. ಮರುವರ್ಷ ಅವಳು ಒಪ್ಪಿಸಿದ್ದು ಆ ಪದಗಳನ್ನೇ. ಮೇಷ್ಟ್ರು ಟೇಪು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಕೇಳಿದರು.

"ಸುಳ್ಳು ಹೇಳ್ಬಿಟ್ಲು ಕಣೇ," ಎಂದರು ಹೆಂಡತಿಯ ಮುಂದೆ.

"ಅಷ್ಟು ದೂರದಿಂದ ಬಂದೋರಿಗೆ ಇಲ್ಲ ಅನ್ನೋಕಾಗುತ್ತೇನ್ರೀ?" ಶಂಕರಮ್ಮ ರೇಗಿದರು. "ನೀವೇ ಇಟ್ಟು ಬಂದ್ರಿ, ಅವ್ಳು ಜೋಪಾನ ಮಾಡಿ ವಾಪಸ್ ಕೊಟ್ಲು. ನಾನಾದ್ರೂ ಅಷ್ಟೇ ಮಾಡ್ತಿದ್ದೆ."

ಆ ಪದಗಳನ್ನೆಲ್ಲ ತೆಗೆಸಲು ಮೇಷ್ಟ್ರು ಬೆಳಗಿನ ಬಸ್ಸಿಗೇ ತರೀಕೆರೆಗೆ ಹೊರಟರು. ಪ್ರೆಸ್ಸಿನ ಶಶಿಧರ ಹಣೆ ಚಚ್ಚಿಕೊಂಡ: "ಅದನ್ನ ತೆಗೆದ್ರೆ ಪುಸ್ತಕದಲ್ಲಿ ಇನ್ನೇನುಳಿಯುತ್ತೆ ಸಾರ್? ಯಾರಿಗೆ ಗೊತ್ತಾಗುತ್ತೆ, ಬಿಡಿ."

"ನಾಳೆ ಅವಳ ಮೊಮ್ಮಕ್ಳು ಇದನ್ನೇ ನಮ್ಮಜ್ಜಿ ಭಾಷೆ ಅಂತ ಕಲೀತಾರೆ ಕಣಯ್ಯ. ತೆಗಿ."

ಉಳಿದದ್ದು, ಎರಡನೆಯ ಸಲ ಹೋದಾಗ ರೊಟ್ಟಿ ತಟ್ಟುತ್ತ ಅವಳು ತಾನಾಗಿ ಗುನುಗಿದ್ದ ಹಾಡಿನ ಒಂದೆರಡು ಸಾಲು. ಗುಜರಾತಿಯ ನಡುವೆ ಅರ್ಥ ಅವಳಿಗೂ ತಿಳಿಯದ ನಾಲ್ಕಾರು ನುಡಿ. ಮೇಷ್ಟ್ರು ಮತ್ತೆ ಗುಜರಾತಿಗೆ ಟಿಕೆಟ್ ಮಾಡಿಸಿದ್ದಾರೆ. ಈ ಸಲ ಬಾಯಿ ಮುಚ್ಚಿಕೊಂಡಿರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದಾರೆ. ಆಕೆ ನಂಬಿಲ್ಲ.

ತೀರಿಹೋದದ್ದನ್ನು ಪ್ರೀತಿಸುವವರಿಗೆ ಅದು ಸಿಗದಿರುವುದಕ್ಕಿಂತ ಸಿಕ್ಕಿಬಿಡುವುದೇ ಹೆಚ್ಚು ಅಪಾಯ. ಆಸೆಪಟ್ಟ ಕಿವಿಗೆ ತನ್ನ ದನಿಯೂ ಪೂರ್ವಿಕರ ದನಿಯಂತೆ ಕೇಳುತ್ತದೆ. ಸಿಕ್ಕಿದ್ದನ್ನು ಕೈಯಾರೆ ಎಸೆದು, ಸಂಕಟಪಟ್ಟು, ಮತ್ತೆ ಹುಡುಕಲು ಹೊರಡುವ ಇಂಥ ನೆಮ್ಮದಿಗೇಡಿಗಳಿರುವುದರಿಂದಲೇ ಸತ್ತವರ ಬಾಯಿಗೆ ನಾವು ನಮ್ಮ ಮಾತು ತುರುಕದೆ ಉಳಿದಿದ್ದೇವೆ.