ನಿಲ್ಲಿಸುವ ಪಾಠ

ತನ್ನ ತಮ್ಮ ಬಿದ್ದು ಸತ್ತ ಬೈಕನ್ನು ಮೆಕ್ಯಾನಿಕ್ ಮಾರಿಯೂ ಇರಲಿಲ್ಲ, ಗುಜರಿಗೂ ಹಾಕಿರಲಿಲ್ಲ. ಗ್ಯಾರೇಜಿನ ಹಿಂದಿನ ಮೂಲೆಯಲ್ಲಿ ಅದು ಟಾರ್ಪಾಲು ಹೊದ್ದುಕೊಂಡು ಒಂದೂವರೆ ವರ್ಷದಿಂದ ನಿಂತಿತ್ತು. ಡೊಂಕಾಗಿದ್ದ ಹ್ಯಾಂಡಲನ್ನು ಬದಲಿಸಿದ್ದ, ಒಡೆದ ಹೆಡ್‌ಲೈಟನ್ನು ತೆಗೆದು ಹೊಸದು ಹಾಕಿದ್ದ.

ತಮ್ಮನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಪಾಳಿಗೆ ಹೋಗುತ್ತಿದ್ದ ಬಸ್ಸು ನಿಂತುಹೋದ ವಾರವೇ ಅವಳು ಗ್ಯಾರೇಜಿಗೆ ಬಂದು ಟಾರ್ಪಾಲು ಎಳೆದುಹಾಕಿದಳು.

"ಭಾವ, ಇದನ್ನ ಓಡಿಸೋದು ಕಲಿಸಿಕೊಡಿ."

"ಸ್ಕೂಟರ್ ಕೊಡ್ತೀನಿ ಕಣಮ್ಮ. ಗೇರಿನ ತಾಪತ್ರಯ ಇರಲ್ಲ."

"ಇದೇ ಬೇಕು."

ಅವನು ಟಾರ್ಪಾಲನ್ನು ಮಡಿಸಿ ಪಕ್ಕಕ್ಕಿಟ್ಟ. ಮರುದಿನ ಬೆಳಗ್ಗೆ ಆರಕ್ಕೆಲ್ಲ, ಹಿಂದೆಯೇ ಮುಚ್ಚಿಹೋಗಿದ್ದ ಇಟ್ಟಿಗೆ ಕಾರ್ಖಾನೆಯ ಅಂಗಳದಲ್ಲಿ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ.

ಮೊದಲ ದಿನ ಇಂಜಿನ್ನು ಹನ್ನೊಂದು ಸಲ ಆಫ್ ಆಯಿತು. ಎರಡನೆಯ ದಿನ ಕ್ಲಚ್ಚು ಅವಳ ಕೈಗೆ ಒಗ್ಗಿತು. ಮೂರನೆಯ ದಿನ ಅಂಗಳದ ತುದಿಯಿಂದ ತುದಿಗೆ ಸಲೀಸಾಗಿ ಓಡಿಸಿದಳು. ಆದರೆ ಭಾವ ರಸ್ತೆಗೆ ಬಿಡಲೊಲ್ಲ. ಇಟ್ಟಿಗೆ ಚೂರಿನಿಂದ ನೆಲದ ಮೇಲೆ ಗೆರೆ ಎಳೆದು, "ಇಲ್ಲಿ ನಿಲ್ಲಿಸು" ಅನ್ನುತ್ತಿದ್ದ. ಒಣ ನೆಲದ ಮೇಲಾಯಿತು, ನೀರು ಚೆಲ್ಲಿದ ನೆಲದ ಮೇಲಾಯಿತು, ಕೊನೆಗೆ ಬಕೆಟ್ಟಿನಲ್ಲಿ ಮರಳು ತಂದು ಸುರಿದ.

"ಮರಳು ಬರೋಕೆ ಮುಂಚೆನೇ ಸ್ಪೀಡ್ ಇಳಿಸ್ಬೇಕು. ಅದರ ಮೇಲೆ ಹೋದಾಗ ಮುಂದಿನ ಬ್ರೇಕ್ ಮುಟ್ಟಲೇಬಾರದು. ತಿಳೀತಾ?"

ಒಂಬತ್ತನೆಯ ದಿನ ಅವಳು ನಕ್ಕುಬಿಟ್ಟಳು. "ಗಂಡ ನಿಂತ ಕಡೆ ನಿಲ್ಲೋನಲ್ಲ, ಭಾವ ನಿಂತ ಕಡೆಯಿಂದ ಕದಲೋಕೆ ಬಿಡೋನಲ್ಲ. ಎಂಥ ಮನೆಗೆ ಬಂದು ಬಿದ್ದೆನಪ್ಪಾ!"

ಅವನಿಗೆ ನಗು ಬರಲಿಲ್ಲ. ಅವತ್ತು ಅವಳು ಗಂಡನ ಹಳೆಯ ಜರ್ಕಿನ್ ಹಾಕಿಕೊಂಡು ಬಂದಿದ್ದಳು. ಹಿಂದಿನಿಂದ ನೋಡಿದರೆ ಅದೇ ಭುಜ, ಅದೇ ಬಾಗಿದ ಬೆನ್ನು. ಗಾಡಿ ದೂರ ಹೋಗಿ ತಿರುಗಿತು, ಬಂತು, ಗೆರೆಯ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ನಿಂತಿತು. ಅವಳು ಇಂಜಿನ್ ಆಫ್ ಮಾಡಿದಳು. ಆ ನಿಶ್ಶಬ್ದದಲ್ಲಿ, ಅವನ ಕಿವಿಯ ಪಕ್ಕದಲ್ಲೇ ಕೇಳಿಸಿತು:

"ಅಣ್ಣಾ, ಇಷ್ಟು ಸಾಕಲ್ವಾ?"

"ಸಾಲದು ಕಣೋ!" ಅವನು ಕಿರುಚಿದ.

ಅವಳು ಬೆಚ್ಚಿ ತಿರುಗಿದಳು. "ಯಾರಿಗೆ ಹೇಳಿದ್ರಿ, ಭಾವ?"

"ನೀನೇ... ನೀನೇ ಕೇಳಿದ್ಯಲ್ಲ."

"ನಾನು ಬಾಯೇ ಬಿಟ್ಟಿಲ್ಲ."

ಅವನು ಇಟ್ಟಿಗೆ ರಾಶಿಯ ಮೇಲೆ ಕುಸಿದು ಕೂತ. ಒಂದೂವರೆ ವರ್ಷದಿಂದ ಯಾರಿಗೂ ಹೇಳದ ಮಾತು ತಾನಾಗಿಯೇ ಹೊರಬಂತು.

"ಅವನಿಗೆ ಎರಡೇ ದಿನ ಕಲಿಸಿದ್ದೆ ಕಣಮ್ಮ. ಓಡಿಸೋದು ಬಂದಿತ್ತು, ಬ್ರೇಕಿನ ಪಾಠ ಇನ್ನೂ ಆಗಿರ್ಲಿಲ್ಲ. ಮೂರನೇ ದಿನ ನನಗೆ ಕೈತುಂಬ ಕೆಲಸ, ಬಗ್ಗಿಕೊಂಡು ಇಂಜಿನ್ ಬಿಚ್ತಾ ಇದ್ದೆ. ಬಂದು ನಿಂತು, 'ಅಣ್ಣಾ, ಇಷ್ಟು ಸಾಕಲ್ವಾ' ಅಂದ. ನಾನು ತಲೆ ಕೂಡ ಎತ್ತಲಿಲ್ಲ. 'ಸಾಕು, ಹೋಗು' ಅಂದೆ. ಆಸ್ಪತ್ರೆ ರಸ್ತೆಯ ತಿರುವಲ್ಲಿ ಮರಳು ಬಿದ್ದಿತ್ತು."

ಅವಳ ಮುಖ ಸುಣ್ಣದಂತಾಯಿತು. ಗಾಡಿಗೆ ಸ್ಟ್ಯಾಂಡ್ ಹಾಕಿ, ಕೀಲಿಯನ್ನು ಸೀಟಿನ ಮೇಲಿಟ್ಟು ನಡೆದುಹೋದಳು.

ಎರಡು ದಿನ ಬರಲಿಲ್ಲ. ಆದರೂ ಅವನು ಆರು ಗಂಟೆಗೆ ಅಂಗಳಕ್ಕೆ ಹೋಗಿ, ಒಬ್ಬನೇ ನಿಂತಿದ್ದು ವಾಪಸಾದ. ಮೂರನೆಯ ಬೆಳಗ್ಗೆ ಅವಳು ನರ್ಸಿನ ಬಿಳಿ ಬಟ್ಟೆಯಲ್ಲಿ ಬಂದಳು.

"ಕ್ಷಮಿಸಿದೀನಿ ಅಂದ್ಕೋಬೇಡಿ. ಹೊಟ್ಟೆಯಲ್ಲಿ ಬೆಂಕಿ ಇದೆ, ಇರುತ್ತೆ. ಆದ್ರೆ ನಿಲ್ಲಿಸೋದನ್ನ ನಿಮ್ಮ ಹಾಗೆ ಇನ್ಯಾರೂ ಕಲಿಸಲ್ಲ. ಹಿಂದೆ ಕೂತ್ಕೊಳ್ಳಿ. ಆ ತಿರುವಿಗೆ ಹೋಗೋಣ."

ಅವನು ಕೂತ. ತಿರುವು ಹತ್ತಿರವಾಗುತ್ತಿದ್ದಂತೆ ಸೀಟಿನ ಹಿಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದ. ಪಕ್ಕದಲ್ಲಿ ಅರ್ಧ ಕಟ್ಟಿದ ಕಟ್ಟಡ ಅವತ್ತಿದ್ದ ಹಾಗೆಯೇ ಇತ್ತು. ಅದರ ಮುಂದಿನ ಮರಳು ಇವತ್ತೂ ರಸ್ತೆಗೆ ನಾಲಿಗೆ ಚಾಚಿತ್ತು. ಅವಳು ಮೊದಲೇ ಗೇರ್ ಇಳಿಸಿದಳು. ಹ್ಯಾಂಡಲ್ ನೆಟ್ಟಗೆ ಹಿಡಿದು, ಬ್ರೇಕಿನ ಗೋಜಿಗೇ ಹೋಗದೆ, ಮರಳನ್ನು ಮೆಲ್ಲಗೆ ದಾಟಿದಳು. ಆಚೆ ಹೋಗಿ ನಿಲ್ಲಿಸಿದಳು.

ಅವಳು ಇಂಜಿನ್ ಆಫ್ ಮಾಡಿದಳು.

"ಈಗ ಏನಾದ್ರೂ ಕೇಳಿಸ್ತಾ, ಭಾವ?"

"ಇಲ್ಲಮ್ಮ."

"ನನಗೆ ಕೇಳಿಸ್ತು," ಅಂದಳು ಅವಳು.

ತಮ್ಮ ಅವಳಿಗೆ ಏನು ಹೇಳಿದನೆಂದು ಅವನು ಕೇಳುವ ಮೊದಲೇ ಅವಳು ಗಾಡಿ ಸ್ಟಾರ್ಟ್ ಮಾಡಿದಳು. ಆಸ್ಪತ್ರೆಯ ಗೇಟಿನವರೆಗೂ ತಾನೇ ಓಡಿಸಿದಳು. ಪಾಳಿಗೆ ಹೊತ್ತಾಯಿತೆಂದು ಹಿಂದಿರುಗಿ ನೋಡದೆ ಒಳಗೆ ಹೋದಳು. ಸಂಜೆ ಅವಳೇ ತರಲಿ ಎಂದು ಗಾಡಿಯನ್ನು ಅಲ್ಲೇ ಬಿಟ್ಟು ಅವನು ಗ್ಯಾರೇಜಿನ ಕಡೆ ಕಾಲ್ನಡಿಗೆಯಲ್ಲಿ ಹೊರಟ. ಆ ತಿರುವನ್ನು ಹಾದುಹೋಗದೆ ಬೇರೆ ದಾರಿಯಿರಲಿಲ್ಲ.