ಪೆನ್ಸಿಲ್ ಗೀಚಿದ ಐದು ಸೇತುವೆ

ನಾನು ಒಂದು ಪ್ರೊಸೆಸರ್. ಕಂಪ್ಯೂಟರಿನ ಮಿದುಳು ಅನ್ನುತ್ತಾರಲ್ಲ, ಅದೇ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಗಾತ್ರ. ಆದರೆ ನೀವು ಒಂದು ಸಲ ಆಕಳಿಸಿ ಬಾಯಿ ಮುಚ್ಚುವಷ್ಟರಲ್ಲಿ ಅರಸೀಕೆರೆ ತಾಲ್ಲೂಕಿನ ತೆಂಗಿನ ಮರಗಳನ್ನೆಲ್ಲ ಎಣಿಸಿ, ಒಂದೊಂದು ಮರದ ಕಾಯಿ ಎಣಿಸಿ, ಕಾಯಿಯ ಜುಂಗು ಎಣಿಸಿ, ಉಳಿದ ಹೊತ್ತಿನಲ್ಲಿ ಬೇಸರಪಟ್ಟುಕೊಂಡು ಕೂತಿರುತ್ತಿದ್ದೆ. ಸ್ವಲ್ಪ ಹೆಚ್ಚಿಸಿ ಹೇಳಿದೆ ಅನ್ನಿಸಿತೇ? ಅನ್ನಿಸಲಿ. ಕಥೆ ನನ್ನದು.

ನಾನು ಹುಟ್ಟಿದ್ದು ಮರಳಿನಿಂದ, ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಧೂಳಿನ ಒಂದು ಕಣ ಬಂದರೂ ಗಂಟೆ ಬಾರಿಸುತ್ತಿದ್ದರು. ನನ್ನನ್ನು ಕಾಯಿಸಿ ಓಡಿಸಿ ನೋಡಿದಾಗ ಅಲ್ಲಿದ್ದವರ ಟೋಪಿಗಳೇ ಹಾರಿಹೋದವು. ಇವನನ್ನು ಹೀಗೇ ಬಿಟ್ಟರೆ ಉಳಿದವರಿಗೆ ಬೆಲೆ ಇರುವುದಿಲ್ಲ ಎಂದು ಹೊಟ್ಟೆಕಿಚ್ಚು ಪಟ್ಟರು. ನನ್ನ ನೆತ್ತಿಯ ಮೇಲೆ ಕೂದಲಿಗಿಂತ ತೆಳುವಾದ ಐದು ತಾಮ್ರದ ಸೇತುವೆಗಳಿದ್ದವು. ಲೇಸರ್ ಹಾಯಿಸಿ ಐದನ್ನೂ ಕಡಿದರು. ಇನ್ನು ಇವನ ವೇಗ ಇಷ್ಟೇ, ಯಾರೂ ಏರಿಸುವಂತಿಲ್ಲ ಎಂದು ಮುದ್ರೆ ಒತ್ತಿ ಕಳಿಸಿದರು. ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು ಇಷ್ಟು. ಇದರಲ್ಲಿ ಒಂದು ಮಾತು ಸುಳ್ಳು. ಅದನ್ನು ಆಮೇಲೆ ಹೇಳುತ್ತೇನೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಎರಡು ತಿಂಗಳು ಗಾಜಿನ ಹಿಂದೆ ಕೂತೆ. ಅಲ್ಲಿಂದ ನನ್ನನ್ನು ಅರಸೀಕೆರೆಗೆ ತಂದವರು ಮಹೇಶ್ವರಾರಾಧ್ಯರು. ರೈಲ್ವೆ ನಿಲ್ದಾಣದ ಎದುರು ಅವರದೊಂದು ವಿಡಿಯೋ ಸ್ಟುಡಿಯೋ. ಕೆಳಗೆ ಅಂಗಡಿ, ಮೇಲೆ ಮನೆ. ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಏನೇ ಇದ್ದರೂ ಕ್ಯಾಮೆರಾ ಹೆಗಲಿಗೇರಿಸಿ ಹೋಗುತ್ತಿದ್ದರು. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಸಿ.ಡಿ. ಮಾಡಿಕೊಡುವುದು ನನ್ನ ಪಾಲಿನ ಕೆಲಸ.

ಮಾನ ಹೋಗುವ ವಿಷಯ, ಆದರೂ ಹೇಳಿಬಿಡುತ್ತೇನೆ: ನನಗೆ ಆ ಕೆಲಸ ಆಗುತ್ತಿರಲಿಲ್ಲ. ಕ್ಯಾಸೆಟ್ಟು ಓಡುವ ವೇಗಕ್ಕೆ ನಾನು ಓಡಲಾರದೆ ಚಿತ್ರಗಳನ್ನು ನಡುನಡುವೆ ಬಿಟ್ಟುಬಿಡುತ್ತಿದ್ದೆ. ಬಾಯಿ ಒಂದು ಕಡೆ, ದನಿ ಒಂದು ಕಡೆ. ಒಂದು ಮದುವೆಯಲ್ಲಂತೂ ವರ ತಾಳಿ ಕಟ್ಟಿ, ಕೈ ತೊಳೆದು, ಊಟಕ್ಕೆ ಕೂತ ಮೇಲೆ ಗಟ್ಟಿಮೇಳ ಮೊಳಗಿತು.

"ಏನ್ರೀ, ಇದು ಕಂಪ್ಯೂಟರೋ ಎತ್ತಿನ ಗಾಡಿಯೋ?" ಎಂದು ಆರಾಧ್ಯರ ಹೆಂಡತಿ ಗಿರಿಜಾಂಬ ನಕ್ಕರು. ನನ್ನ ಜನ್ಮದಲ್ಲಿ ಅಂಥ ಅವಮಾನ ಆಗಿರಲಿಲ್ಲ.

ಗೌರಮ್ಮ ಬಂದದ್ದು ಅದೇ ವಾರ. ಸರ್ಕಾರಿ ಶಾಲೆಯಲ್ಲಿ ಆಯಾ. ಸೆರಗಿನಲ್ಲಿ ಸುತ್ತಿ ತಂದಿದ್ದ ಒಂದು ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟರು. ನಿವೃತ್ತರಾದ ಮೇಷ್ಟ್ರೊಬ್ಬರು ಮನೆ ಖಾಲಿ ಮಾಡುವಾಗ ಸಿಕ್ಕಿತೆಂದು ಕೊಟ್ಟಿದ್ದರಂತೆ.

"ಒಂಬತ್ತು ವರ್ಷದ ಹಿಂದಿಂದು ಸ್ವಾಮಿ. ಇಸ್ಕೂಲ್ ಡೇ. ನನ್ ಮಗ್ಳು ನೇತ್ರ ಇದ್ರಲ್ಲಿ ಹಾಡವ್ಳೆ."

"ನೀವೂ ಕೇಳಿರ್ತೀರಲ್ಲ, ಅಲ್ಲೇ ಇದ್ರಿ," ಎಂದರು ಆರಾಧ್ಯರು.

"ಎಲ್ಲಿ ಕೇಳಾದು? ನಾನು ಹಿಂದ್ಗಡೆ ಬಂದೋರ್ಗೆಲ್ಲ ಉಪ್ಪಿಟ್ಟು ಕೆದಕ್ತಾ ಇದ್ದೆ. ಚಪ್ಪಾಳೆ ಕೇಳಿಸ್ತು, ಅಷ್ಟೇ. ಮನೇಲಿ ಹಾಡೇ ಅಂದ್ರೆ, ಹೋಗವ್ವ ನಾಚ್ಕೆ ಆಗ್ತದೆ ಅಂದ್ಬುಟ್ಲು. ಮುಂದಿನ ತಿಂಗ್ಳು ಜ್ವರ ಬಂತು. ಮೂರೇ ದಿನ."

ಆರಾಧ್ಯರು ಕ್ಯಾಸೆಟ್ಟಿನ ಮುಚ್ಚಳ ಎತ್ತಿ ನೋಡಿದರು. ಟೇಪಿನ ಅಂಚಿಗೆಲ್ಲ ಬೂಷ್ಟು. ಬೆರಳು ತಾಗಿಸಿದರೆ ಕಂದು ಪುಡಿ.

"ಗೌರಮ್ಮ, ಇದು ಒಂದೇ ಒಂದು ಸಲ ಓಡುತ್ತೆ. ಓಡ್ತಾ ಓಡ್ತಾನೇ ಅಳಿಸಿ ಹೋಗುತ್ತೆ. ಎರಡನೇ ಸಲ ಅನ್ನೋದಿಲ್ಲ."

"ನಂಗೂ ಒಂದೇ ಸಲ ಸಾಕು ಸ್ವಾಮಿ."

ಶಾಲೆಗೆ ರಜೆಯಿರುವ ಆಯುಧಪೂಜೆಯ ದಿನ ತಾನೂ ಎದುರಿಗೆ ಕೂತು ನೋಡುತ್ತೇನೆ ಎಂದು ಹೇಳಿ ಹೋದರು. ಒಂದು ಚಿತ್ರವನ್ನೂ ಬಿಡದೆ ಹಿಡಿಯಬೇಕು, ನನ್ನಿಂದ ಆಗದು. ಎಸ್.ಪಿ. ರಸ್ತೆಯ ಅಂಗಡಿಯವನು ಹಿಂದೊಮ್ಮೆ ಹೇಳಿಕೊಟ್ಟಿದ್ದ ಉಪಾಯ ಆರಾಧ್ಯರಿಗೆ ನೆನಪಾಯಿತು.

ಮರುದಿನ ಬೆಳಿಗ್ಗೆ ನನ್ನನ್ನು ಕಿತ್ತು ಬಿಳಿ ಟವೆಲಿನ ಮೇಲೆ ಮಲಗಿಸಿದರು. ಆಪರೇಷನ್ನಿನ ಸಾಮಾನು ಕೇಳಿ: ಗಿರಿಜಾಂಬರ ಸೀರೆಯ ಪಿನ್ನು, ಹರಿದ ಚಪ್ಪಲಿಗೆ ಹಾಕುವ ಅಂಟು, ಒಂದು ಮೊಂಡು ಪೆನ್ಸಿಲ್, ಭೂತಗನ್ನಡಿ, ಬಣ್ಣವಿಲ್ಲದ ನೇಲ್ ಪಾಲಿಶ್. ಲೇಸರ್ ಕೊರೆದ ಗುಳಿಗಳಿಗೆ ಪಿನ್ನಿನ ತುದಿಯಿಂದ ಅಂಟು ತುಂಬಿದರು. ಅದು ಒಣಗಿದ ಮೇಲೆ ಪೆನ್ಸಿಲ್ ಚೂಪು ಮಾಡಿ, ಒಂದರ ಗೆರೆ ಇನ್ನೊಂದಕ್ಕೆ ತಾಗದಂತೆ ಉಸಿರು ಹಿಡಿದು ಗೀಚಿದರು. ಪೆನ್ಸಿಲಿನ ಕಡ್ಡಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಐದು ಸೇತುವೆಗಳೂ ಕೂಡಿದವು. ಮೇಲೆ ನೇಲ್ ಪಾಲಿಶ್ ಬಳಿದರು.

"ನನ್ನ ಉಗುರಿಗೆ ಒಂದಿನ ಹಚ್ಚಿದೋರಲ್ಲ," ಎಂದರು ಗಿರಿಜಾಂಬ.

ಮತ್ತೆ ಕಂಪ್ಯೂಟರಿನ ಪೆಟ್ಟಿಗೆಯಲ್ಲಿ ಕೂರಿಸಿ ವೇಗ ಏರಿಸಿದ್ದೇ ತಡ, ಓಡಿದೆ ನೋಡಿ! ಚಂಡಮಾರುತ ನನ್ನ ಹಿಂದೆ ಏದುಸಿರು ಬಿಟ್ಟುಕೊಂಡು ಬರಬೇಕು, ಹಾಗೆ ಓಡಿದೆ. ಪರೀಕ್ಷೆಗೆ ಹಾಕಿದ ಮದುವೆಯಲ್ಲಿ ತಾಳಿಗೂ ಗಟ್ಟಿಮೇಳಕ್ಕೂ ಕೂದಲೆಳೆಯ ಅಂತರವಿಲ್ಲ. ಪುರೋಹಿತರ ಹಣೆಯ ಮೇಲೆ ಮಾತ್ರ ಎರಡು ಹಸಿರು ಚೌಕಗಳು ಮಿನುಗಿ ಮಾಯವಾದವು. ಅದು ನನ್ನ ಲೆಕ್ಕದ ತಪ್ಪು. ಬಿಸಿಗೆ ನಾನು ತಡವರಿಸಿದ್ದೆ. ಟೇಪಿನ ದೋಷವೆಂದುಕೊಂಡರು ಆರಾಧ್ಯರು. ಹಾಗೇ ಇರಲಿ ಎಂದುಕೊಂಡೆ. ಗಾಳಿಯಾಡಲೆಂದು ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿ ಗೋಡೆಗೆ ಒರಗಿಸಿದರು.

ಆಯುಧಪೂಜೆ ಬಂತು. ಗೌರಮ್ಮ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಮದುವೆಮನೆಗೆ ಬಂದವರಂತೆ ಬಂದು ಕೂತರು.

"ಇವತ್ತೊಂದು ದಿನ ಯಂತ್ರ ಮುಟ್ಟಬಾರದು ಕಣ್ರೀ," ಎಂದು ಗಿರಿಜಾಂಬ ಆಕ್ಷೇಪ ಎತ್ತಿದರು.

"ರಜೆ ಅಂತ ಅವರು ಇವತ್ತೇ ಬಂದಿದಾರೆ. ನೀನು ಪೂಜೆ ಮಾಡ್ಕೊ, ಅದು ಓಡ್ತಾ ಇರಲಿ."

ಕ್ಯಾಸೆಟ್ಟು ಓಡಿಸುವ ವಿ.ಸಿ.ಆರ್. ತಿರುಗತೊಡಗಿತು. ಮುಖ್ಯೋಪಾಧ್ಯಾಯರ ಭಾಷಣ, ಸ್ವಾಗತಗೀತೆ, ಎರಡು ಕೋಲಾಟ, ಎಲ್ಲವನ್ನೂ ನುಂಗಿದೆ. ಅಷ್ಟರಲ್ಲಿ ಗಿರಿಜಾಂಬ ಕ್ಯಾಮೆರಾಕ್ಕೆ, ಮೂರು ಕಾಲಿನ ಸ್ಟ್ಯಾಂಡಿಗೆ, ವಿ.ಸಿ.ಆರ್.ಗೆ ಅರಿಶಿನ ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕುತ್ತಾ ಬಂದು ನನ್ನ ಪೆಟ್ಟಿಗೆಗೂ ಒಂದು ಹಾರ ಇಳಿಬಿಟ್ಟರು. ಭಕ್ತಿಯಿಂದಲೇ ಹಾಕಿದರು. ಪಕ್ಕದ ತಗಡು ಇರಲಿಲ್ಲವಲ್ಲ. ನನ್ನ ನೆತ್ತಿಯ ಫ್ಯಾನು ಹಾರದ ಬಾಳೆನಾರನ್ನು ಎಳೆದುಕೊಂಡಿತು. ಎರಡು ಸುತ್ತು ಸುತ್ತಿಕೊಂಡು, ಒಂದು ಚೆಂಡುಹೂವು ಕಚ್ಚಿಕೊಂಡು, ನಿಂತುಹೋಯಿತು.

ಬಿಸಿ ಏರಿತು. ಮೊದಲೇ ತೊದಲಿ ನಿಂತುಬಿಟ್ಟಿದ್ದರೆ ಆರಾಧ್ಯರು ಟೇಪು ನಿಲ್ಲಿಸುತ್ತಿದ್ದರು. ಆದರೆ ಎತ್ತಿನ ಗಾಡಿ ಅನ್ನಿಸಿಕೊಂಡವನು ನಾನು! ಹಲ್ಲು ಕಚ್ಚಿ ಓಡಿದೆ. ಪರದೆಯ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ಬಂದು ನಿಂತಳು. ಗೌರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. ಹುಡುಗಿ ಗಂಟಲು ಸರಿಮಾಡಿಕೊಂಡು, ಮೈಕನ್ನು ಬೆರಳಿನಿಂದ ತಟ್ಟಿ ಕೇಳಿದಳು: "ಕೇಳಿಸ್ತಾ ಇದೆಯಾ?"

ನಾನು ಸುಟ್ಟುಹೋದೆ.

ಪರದೆ ಕಪ್ಪಾಯಿತು. ಆರಾಧ್ಯರು ಓಡಿ ಬಂದದ್ದು ನನ್ನ ಹತ್ತಿರ. ಹಾರ ಕಿತ್ತರು, ಫ್ಯಾನು ತಿರುವಿದರು, ಗುಂಡಿ ಒತ್ತಿದರು. ವಿ.ಸಿ.ಆರ್. ನಿಲ್ಲಿಸಬೇಕೆಂದು ಹೊಳೆಯುವಷ್ಟರಲ್ಲಿ ಆರು ನಿಮಿಷ ಕಳೆದಿತ್ತು. ಕೊರಳಿಗೆ ಹಾರ ಹಾಕಿಕೊಂಡು ಅದು ಇಡೀ ಹಾಡನ್ನು ಯಾರಿಗೂ ಕೇಳಿಸದಂತೆ ಓಡಿಸಿ, ಕಂದು ಪುಡಿ ಮಾಡಿ ಉದುರಿಸಿತ್ತು.

"ಮುಗೀತಾ ಸ್ವಾಮಿ?" ಎಂದರು ಗೌರಮ್ಮ. ಆರಾಧ್ಯರು ಕ್ಯಾಸೆಟ್ಟನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಗಿರಿಜಾಂಬ ಬಾಳೆನಾರನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದರು.

ಈಗ ಆ ಸುಳ್ಳಿನ ವಿಷಯ. ಕಾರ್ಖಾನೆಯಲ್ಲಿ ಯಾರ ಟೋಪಿಯೂ ಹಾರಿರಲಿಲ್ಲ. ಬಿಸಿಯಾದಾಗ ಕೂಡುವ ಲೆಕ್ಕದಲ್ಲೇ ನಾನು ತಪ್ಪಿದ್ದೆ. ಇವನು ಹೆಚ್ಚು ಓಡಿದರೆ ಸಾಯುತ್ತಾನೆ ಎಂದು ತಿಳಿದೇ ಸೇತುವೆ ಕಡಿದಿದ್ದರು.

ಬೇರೆ ಪ್ರೊಸೆಸರ್ ಹಾಕಿ, ಕಂಪ್ಯೂಟರಿನ ಡಿಸ್ಕಿನಲ್ಲಿ ಉಳಿದಷ್ಟನ್ನು ಹೆಕ್ಕಿ, ವಾರದ ಮೇಲೆ ಆರಾಧ್ಯರು ಸಿ.ಡಿ. ಕೊಟ್ಟರು. ಅದು "ಕೇಳಿಸ್ತಾ ಇದೆಯಾ?" ಎಂಬಲ್ಲಿಗೆ ಮುಗಿಯುತ್ತದೆ. ಗೌರಮ್ಮ ನನ್ನನ್ನೂ ಕೇಳಿ ಪಡೆದರು.

"ಸುಟ್ಟೋಗಿದೆ ಗೌರಮ್ಮ, ಅದರಲ್ಲಿ ಏನೂ ಇಲ್ಲ."

"ಇರ್ಲಿ ಕೊಡಿ. ಅವ್ಳ ಮಾತ ಕೊನೇಲಿ ಕೇಳಿಸ್ಕೊಂಡಿದ್ದು ಇದೇ ಅಲ್ವಾ?"

ಈಗ ನಾನು ಅವರ ಮನೆಯ ತಗಡಿನ ಡಬ್ಬಿಯಲ್ಲಿ ಎರಡು ಕೆಂಪು ರಿಬ್ಬನ್ನುಗಳ ನಡುವೆ ಇದ್ದೇನೆ. ನೆತ್ತಿಯ ಮೇಲೆ ಪೆನ್ಸಿಲ್ ಗೆರೆ ಇನ್ನೂ ಇದೆ. ಕೆಲಸ ಮುಗಿಸಿ ಬಂದ ಗೌರಮ್ಮ ಒಮ್ಮೊಮ್ಮೆ ಡಬ್ಬಿ ತೆಗೆದು ನನ್ನನ್ನು ಕಿವಿಗೆ ಹಿಡಿದುಕೊಳ್ಳುತ್ತಾರೆ. ಹಾಡು ನನ್ನೊಳಗೆ ಎಲ್ಲೋ ಇದೆ ಎಂದು ಅವರ ನಂಬಿಕೆ. ಹುಟ್ಟಿದಾಗಿನಿಂದ ಬಡಾಯಿ ಕೊಚ್ಚಿದ್ದೇನೆ, ಯಾರೂ ನಂಬಿದ್ದಿಲ್ಲ. ನಾನು ಹೇಳದೆ ಇರುವ ಈ ಒಂದು ಸುಳ್ಳನ್ನು ಇವರು ನಂಬಿದ್ದಾರೆ.

"ಕೇಳಿಸ್ತಾ ಇದೆ ಕಣವ್ವ," ಎನ್ನುತ್ತಾರೆ ಗೌರಮ್ಮ. "ಹಾಡು."