ಪ್ಲಾಸ್ಟಿಕ್ ಹೊದ್ದ ಕುರ್ಚಿಗಳು

ಸವಿತಾ ರೊಟ್ಟಿ ಬಡಿಯುವುದು ಬಿಟ್ಟು ಹದಿನೈದು ದಿನವಾಗಿತ್ತು. ಹಿಟ್ಟಿನ ಮೇಲೆ ಬಲ ಅಂಗೈ ಇಟ್ಟರೆ ಸಾಕು, ಬೆರಳು ಜುಮ್ಮೆನ್ನುತ್ತಿದ್ದವು. ಕುತ್ತಿಗೆಯಿಂದ ಮೊಣಕೈವರೆಗೆ ಯಾರೋ ನರ ಹಿಡಿದು ಎಳೆದಂತಾಗುತ್ತಿತ್ತು. ರಾಜಗೋಪಾಲನಗರದ ಒಂದೇ ಕೋಣೆಯ ಮನೆಯಲ್ಲಿ ಈಗ ಅತ್ತೆ ಶೇಖವ್ವನೇ ಸ್ಟೌ ಮುಂದೆ ಕೂರುತ್ತಿದ್ದಳು.

"ಕುಂತು ಮಾಡೂ ಕೆಲ್ಸಕ್ಕ ಕೈ ಹೆಂಗ ಬೀಳ್ತದವ್ವಾ?"

"ಕುಂದ್ರಾಕ ನೆಟ್ಟಗ ಜಾಗಾ ಕೊಟ್ರ ಅಲ್ಲೇನ್ರಿ ಅತ್ತಿ."

ಪೀಣ್ಯದ ಒಂದು ಶೆಡ್ಡಿನ ಮಹಡಿಯ ಮೇಲೆ ಅವಳ ಆಫೀಸು. ವಿಮಾ ಕಂಪನಿಯೊಂದರ ಅರ್ಜಿಗಳನ್ನು ನೋಡಿ ಕಂಪ್ಯೂಟರಿಗೆ ತುಂಬಿಸುವ ಇಪ್ಪತ್ತೆರಡು ಹೆಂಗಸರು. ಟೇಬಲ್ಲುಗಳು ಕೆಳಗಿನ ಕಾರ್ಖಾನೆಯಿಂದ ಬಂದವು, ನಿಂತು ಕೆಲಸ ಮಾಡಲೆಂದು ಮಾಡಿಸಿದವು. ಕೂರಲು ಮಾತ್ರ ಗಿಡ್ಡನೆಯ ಕಬ್ಬಿಣದ ಸ್ಟೂಲು, ಬೆನ್ನಿಗೆ ಆಸರೆಯಿಲ್ಲ. ಕೀಬೋರ್ಡು ಎದೆಮಟ್ಟಕ್ಕೆ ಬರುತ್ತಿತ್ತು. ದಿನಕ್ಕೆ ಒಂಬತ್ತು ಗಂಟೆ ಭುಜ ಎತ್ತಿಕೊಂಡೇ ಟೈಪು ಮಾಡಬೇಕು.

ಸವಿತಾ ಮಾಲೀಕ ಜಯಸಿಂಹನ ಹತ್ತಿರ ಹೋಗಿ ಕೇಳಿದ್ದಳು. "ಬೆನ್ನಿರೂ ಕುರ್ಚಿ ಕೊಡ್ರಿ ಸರ. ಕೈ ಎತ್ತಾಕ ಬರವಲ್ದು."

ಅವನು ತನ್ನ ಮೆತ್ತನೆಯ ಕುರ್ಚಿಯಲ್ಲಿ ಒರಗಿ ಅರ್ಧ ಸುತ್ತು ತಿರುಗಿದ. "ಫ್ಯಾನ್ ಕೆಳಗೆ ಕೂತ್ಕೊಂಡು ಮಾಡೋ ಕೆಲಸ ಕಣಮ್ಮಾ. ಇದಕ್ಕೂ ನೋವು ಅಂದ್ರೆ ಗಾರೆ ಕೆಲಸಕ್ಕೆ ಹೋಗು. ನಿಮ್ಮ ಕಡೆಯೋರೆಲ್ಲಾ ಅದನ್ನೇ ತಾನೇ ಮಾಡೋದು?"

ಆ ಮಾತನ್ನು ಸವಿತಾ ನುಂಗಲಿಲ್ಲ, ಮರೆಯಲೂ ಇಲ್ಲ. ಇವನಿಗೆ ಇದೇ ಮಾತು ತಿನ್ನಿಸಬೇಕು ಎಂದುಕೊಂಡಳು.

ಕುರ್ಚಿಗಳು ಬರುತ್ತಲೇ ಇರಲಿಲ್ಲ ಎಂದಲ್ಲ. ವರ್ಷಕ್ಕೆರಡು ಸಲ, ವಿಮಾ ಕಂಪನಿಯವರು ತಪಾಸಣೆಗೆ ಬರುವ ದಿನ, ಬರುತ್ತಿದ್ದವು. 'ನೋಡಿ ಕೊಳ್ತೀವಿ' ಎಂದು ಅಂಗಡಿಯಿಂದ ಬೆಳಿಗ್ಗೆ ತರಿಸುವುದು, 'ಇಷ್ಟ ಆಗ್ಲಿಲ್ಲ' ಎಂದು ಸಂಜೆ ಕಳಿಸುವುದು. ಪ್ರತಿಸಲ ಬೇರೆ ಅಂಗಡಿ. ಇಂಥದ್ದರಲ್ಲಿ ಜಯಸಿಂಹನದು ಪಳಗಿದ ಕೈ. ಹೊದಿಸಿದ ಪ್ಲಾಸ್ಟಿಕ್ ಹರಿದರೆ ಮಾತ್ರ ಅಂಗಡಿಯವರು ವಾಪಸು ಪಡೆಯುವುದಿಲ್ಲ. ಅದಕ್ಕೇ ಹೆಂಗಸರು ಆ ದಿನ ಉಸಿರು ಬಿಗಿಹಿಡಿದು ಕುರ್ಚಿಯ ಅಂಚಿನಲ್ಲಿ ಕೂರಬೇಕಿತ್ತು.

ಈ ಸಲವೂ ಕುರ್ಚಿ ಬಂದವು. ಸ್ಟೂಲುಗಳು ಕಕ್ಕಸಿನ ಹಿಂದೆ ಅಡಗಿದವು. ಹನ್ನೊಂದಕ್ಕೆ ವಿಮಾ ಕಂಪನಿಯ ಶರಣ್ಯ ಮೇಡಂ ಬಂದು ಸಾಲಿನುದ್ದಕ್ಕೂ ನೋಡುತ್ತ ನಡೆದರು. ಜಯಸಿಂಹ ನಗುತ್ತ ಹಿಂದೆ ಹಿಂದೆ.

ಸವಿತಾ ಎದ್ದು ನಿಂತಳು. ಅರ್ಜಿಯ ಕಟ್ಟು ಬಿಚ್ಚುವ ಬ್ಲೇಡನ್ನು ಎಡಗೈಯಲ್ಲಿ ಹಿಡಿದು, ಕುರ್ಚಿಯ ಬೆನ್ನಿನಿಂದ ಸೀಟಿನವರೆಗೆ ಪ್ಲಾಸ್ಟಿಕ್ಕನ್ನು ಚರ್ರನೆ ಸೀಳಿದಳು.

"ಪ್ಲಾಸ್ಟಿಕ್ ಮ್ಯಾಲ ಕುಂತ್ರ ಶಕಿ ಆಗ್ತದ್ರಿ ಮೇಡಂ. ಹೊಸಾ ಕುರ್ಚಿ. ಸರು ನಮಗಂತನ ತರಿಸ್ಯಾರ."

"ಒಳ್ಳೇದಾಯ್ತು. ಕವರ್ ಮೇಲೇ ಯಾಕೆ ಕೂರ್ತೀರಾ, ತೆಗೀರಿ" ಎಂದರು ಮೇಡಂ.

ಪಕ್ಕದ ವೆಂಕಟಲಕ್ಷ್ಮಿ ಬ್ಲೇಡಿಗೆ ಕೈ ಚಾಚಿದಳು. ಅವಳ ನಂತರ ಶಿವಗಂಗಾ. ಚರ್, ಚರ್ ಎಂಬ ಸದ್ದು ಸಾಲಿನ ಕೊನೆಯವರೆಗೂ ಹೋಯಿತು. ಜಯಸಿಂಹ ನಗುತ್ತಲೇ ಇದ್ದ, ನಗದೆ ಬೇರೆ ದಾರಿಯಿರಲಿಲ್ಲ. ಸವಿತಾಳಿಗೆ ಆ ನಗು ನೋಡಿ ಹೊಟ್ಟೆ ತಣ್ಣಗಾಯಿತು.

ಸಂಜೆ ಅಂಗಡಿಯ ವ್ಯಾನಿನವನು, ಮರೆಪ್ಪ, ಬಂದು ನೋಡಿ ತಲೆಯಾಡಿಸಿದ. "ಇಷ್ಟೂ ನಿಮ್ಮವೇ ಸಾರ್. ಬಿಲ್ ಕಳಿಸ್ತಾರೆ."

ಅವನು ಇಳಿದು ಹೋದ ಮೇಲೆ ಜಯಸಿಂಹ ಸವಿತಾಳ ಕಡೆ ತಿರುಗಿದ. "ಶುರು ಮಾಡಿದ್ದು ನೀನು. ನಾಳೆಯಿಂದ ಬರೋದು ಬೇಡ."

"ಹರಿದಿದ್ದು ನಾವೆಲ್ರೂ ಸಾರ್" ಎಂದಳು ವೆಂಕಟಲಕ್ಷ್ಮಿ. "ಇಪ್ಪತ್ತೆರಡು ಜನಾನೂ ಬರಲ್ಲ. ನಾಡಿದ್ದು ಕೊಡಬೇಕಾದ ಅರ್ಜಿಗಳನ್ನ ನೀವೇ ಟೈಪ್ ಮಾಡ್ಕೊಳ್ಳಿ."

ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ. ಸವಿತಾ ಒಬ್ಬಳೇ ಎದ್ದು ಹೊರಗೆ ಹೋದಳು. ಬಲಗೈ ಮೇಲೇಳಲಿಲ್ಲ, ಎಡಗೈಯಿಂದಲೇ ಒಂದು ಸ್ಟೂಲನ್ನು ಗರಗರ ಎಳೆದು ತಂದು ಅವನ ಮುಂದಿಟ್ಟಳು.

"ಕುಂದರ್ರಿ ಸರ. ಫ್ಯಾನ್ ಕೆಳಗ ಕುಂತು ಮಾಡೂ ಕೆಲ್ಸ."